ಇರುವೆಗಳ ಸಂಸಾರ: ಬೇಸಾಯಗಾರರು ತಿಳಿದಿರತಕ್ಕ ಸಂಗತಿಗಳು

ಕಣದ ಅಂಚಿನಲ್ಲಿ, ಹೊಲದ ಬದುವಿನಲ್ಲಿ, ತೋಟದ ಮರದ ಬುಡದಲ್ಲಿ, ಅಡಿಗೆಮನೆಯ ಬೆಲ್ಲದ ಗಡಿಗೆಯ ಸುತ್ತ, ಇರುವೆಯನ್ನು ಕಾಣದ ಸ್ಥಳವೇ ಇಲ್ಲವೆನ್ನಬಹುದು. ಮನುಷ್ಯರೊಡನೆ ಇಷ್ಟು ನಿಕಟವಾಗಿ ಬಾಳುವ ಈ ಕೀಟದ ವಿಷಯದಲ್ಲಿ ಗ್ರಾಮಗಳಲ್ಲಿ ಎರಡು ಬಗೆಯ ಅಭಿಪ್ರಾಯಗಳುಂಟು. ಕೆಲವರು ಇದನ್ನು ನಿರಪಾಯವಾದ ಪ್ರಾಣಿಯೆಂದೆಣಿಸಿ ಗೂಡಿನ ಬಾಯಿಗೆ ಹಿಡಿ ನುಚ್ಚನ್ನು ಹಾಕಿ ಪುಣ್ಯವೆಂದು ತಿಳಿಯುತ್ತಾರೆ. ಮತ್ತೆ ಕೆಲವರು ಗಿಡದ ಮೇಲೆ ಇರುವೆಯ ಸಾಲು ಕಂಡೊಡನೆಯೇ ಬೆಳೆ ಕೆಟ್ಟಿತೆಂದು ಬೆದರಿ, ಗೂಡಿಗೆ ಬೆಂಕಿಯಿಟ್ಟು, ಸೀಮೆಎಣ್ಣೆ ಸುರಿದು, ಅಂಗಡಿಯಲ್ಲಿ ದೊರೆತ ಯಾವುದಾದರೊಂದು ವಿಷದ ಪುಡಿಯನ್ನು ಎರಚಿ, ಹಣವನ್ನು ವ್ಯರ್ಥಮಾಡಿಕೊಳ್ಳುತ್ತಾರೆ. ಎರಡು ಅಭಿಪ್ರಾಯಗಳಲ್ಲಿಯೂ ಅಷ್ಟಷ್ಟು ಸತ್ಯವಿದೆ. ಆದರೆ ಇರುವೆ ಒಂಟಿಯಾಗಿ ಬಾಳುವ ಪ್ರಾಣಿಯಲ್ಲ; ಕಣ್ಣಿಗೆ ಬೀಳುವ ಒಂದೊಂದು ಇರುವೆಯೂ ಮರೆಯಲ್ಲಿರುವ ದೊಡ್ಡದೊಂದು ಸಂಸಾರದ ಆಳು ಮಾತ್ರ. ಇದನ್ನು ತಿಳಿಯದ ಹೊರತು ಯಾವ ಇರುವೆಯನ್ನು ಅದರ ಪಾಡಿಗೆ ಬಿಡಬೇಕು, ಯಾವುದನ್ನು ತಡೆಯಬೇಕು, ತಡೆಯುವುದಾದರೆ ಹೇಗೆ ಎಂಬುದು ಗೊತ್ತಾಗುವುದಿಲ್ಲ.

ಗೆದ್ದಲನ್ನು ಇಂಗ್ಲಿಷರು ‘ಬಿಳಿಯ ಇರುವೆ’ ಎಂದು ಕರೆದದ್ದರಿಂದ ಓದಿದವರಲ್ಲಿಯೂ ಒಂದು ಭ್ರಾಂತಿಯುಂಟಾಗಿದೆ. ಕನ್ನಡದಲ್ಲಿ ಎರಡಕ್ಕೂ ಬೇರೆ ಬೇರೆ ಹೆಸರುಗಳಿರುವುದೇ ಯುಕ್ತವಾಗಿದೆ. ಗೆದ್ದಲು ಜಿರಲೆಯ ಕುಲಕ್ಕೆ ಸೇರಿದುದು. ಇರುವೆಯಾದರೋ ಕಣಜ ಮತ್ತು ಜೇನುಗಳ ಬಂಧು. ಮಣ್ಣಿನ ಹುತ್ತವನ್ನು ಕಟ್ಟುವುದೂ, ಮರಮುಟ್ಟನ್ನು ತಿನ್ನುವುದೂ ಗೆದ್ದಲೇ ಹೊರತು ಇರುವೆಯಲ್ಲ. ಅಷ್ಟೇ ಅಲ್ಲದೆ, ಗೆದ್ದಲಿಗೆ ಇರುವೆಗಿಂತ ದೊಡ್ಡ ಶತ್ರುವಿಲ್ಲ. ಸಂಜೆಯ ಹೊತ್ತು ನೆಲದ ಮೇಲೆ ಉದ್ದವಾದ ದಂಡು ಕಟ್ಟಿಕೊಂಡು ಹೋಗುವ ಒಂದು ಜಾತಿಯ ಕರಿಯಿರುವೆ ಗೆದ್ದಲಿನ ಬೇಟೆಯಿಂದಲೇ ಜೀವಿಸುತ್ತದೆ. ಅಂತಹ ದಂಡನ್ನು ಹೊಲದಲ್ಲಿ ಕಂಡು ತುಳಿದು ಹಾಕುವವನು ತನ್ನ ಬಾಗಿಲುವಾಡವನ್ನು ಕಾಯುವ ತಳವಾರನನ್ನೇ ಓಡಿಸಿದಂತಾಯಿತು.

ಜೀವನ ಕ್ರಮ

ಪ್ರಪಂಚದಲ್ಲಿ ಹದಿನಾಲ್ಕು ಸಾವಿರಕ್ಕೂ ಮಿಗಿಲಾದ ಇರುವೆ ಜಾತಿಗಳಿಗೆ ಶಾಸ್ತ್ರಜ್ಞರು ಹೆಸರಿಟ್ಟಿದ್ದಾರೆ. ಭಾರತದಲ್ಲಿಯೇ ಎಂಟುನೂರಕ್ಕೂ ಹೆಚ್ಚು ಜಾತಿಗಳುಂಟು. ಇವುಗಳಲ್ಲಿ ಬಹುಮಟ್ಟಿಗೆ ಎಲ್ಲವೂ ಸಂಘಜೀವಿಗಳು.

ಮುಂಗಾರಿನ ಮೊದಲ ಮಳೆಗಳು ಬಿದ್ದ ಮೇಲೆ ಗೂಡುಗಳಿಂದ ರೆಕ್ಕೆಯಿರುವೆಗಳು ಹೊರಟು ಹಾರುವುದನ್ನು ಎಲ್ಲರೂ ಕಂಡಿರುತ್ತಾರೆ. ಇವುಗಳಲ್ಲಿ ಗಂಡೂ ಹೆಣ್ಣೂ ಇರುತ್ತವೆ. ಕೂಡಿದ ಮೇಲೆ ಗಂಡುಗಳು ಸಾಯುತ್ತವೆ. ಹೆಣ್ಣು ನೆಲಕ್ಕಿಳಿದು, ತನ್ನ ರೆಕ್ಕೆಗಳನ್ನು ತಾನೇ ಮುರಿದು ಹಾಕಿ, ಮಣ್ಣಿನೊಳಗೋ ಮರದ ಬಿರುಕಿನೊಳಗೋ ಸೇರಿ ಮೊಟ್ಟೆಯಿಡಲು ತೊಡಗುತ್ತದೆ. ಬಹು ಜಾತಿಗಳಲ್ಲಿ ಮೊದಲ ಮರಿಗಳು ಬೆಳೆದು ಹೊರಬರುವವರೆಗೆ ಅದು ಆಹಾರಕ್ಕಾಗಿ ಹೊರಗೆ ಬರುವುದೇ ಇಲ್ಲ. ಇನ್ನು ಬೇಡವಾದ ರೆಕ್ಕೆಯ ಮಾಂಸಖಂಡಗಳನ್ನು ಮೈಯೊಳಗೇ ಕರಗಿಸಿಕೊಂಡು ಅದರ ಸಾರದಿಂದಲೇ ಮರಿಗಳನ್ನು ಸಾಕುತ್ತದೆ. ಹಾರಿದ ಹೆಣ್ಣುಗಳಲ್ಲಿ ಹೆಚ್ಚಿನವು ಕಾಗೆ, ಗೊರವಂಕ, ಓತಿಕೇತಗಳ ಪಾಲಾಗುತ್ತವೆ. ಉಳಿದ ಒಂದೊಂದೇ ಹೊಸ ಗೂಡಿಗೆ ರಾಣಿಯಾಗುತ್ತದೆ. ಒಂದು ಸಲ ಕೂಡಿದಾಗ ಪಡೆದ ಬೀಜವನ್ನು ಜೀವಮಾನವೆಲ್ಲ ಕಾಪಾಡಿಕೊಂಡು ಇದು ಮೊಟ್ಟೆಯಿಡಬಲ್ಲದು. ಇಂಗ್ಲೆಂಡಿನ ಸರ್ ಜಾನ್ ಲಬಕ್ ಎಂಬವರು 1874ರಲ್ಲಿ ಗಾಜಿನ ಗೂಡಿನಲ್ಲಿಟ್ಟು ಸಾಕಿದ ಒಂದು ರಾಣಿಯಿರುವೆ 1888ರವರೆಗೂ ಬದುಕಿತ್ತು. ಎತ್ತಿನ ದುಡಿಮೆಯ ಆಯುಸ್ಸೂ ಇದಕ್ಕಿಂತ ಹೆಚ್ಚಲ್ಲ.

ಹೊರಗೆ ಓಡಾಡುವ ರೆಕ್ಕೆಯಿಲ್ಲದ ಆಳಿರುವೆಗಳೆಲ್ಲವೂ ಹೆಣ್ಣುಗಳೇ. ಆದರೆ ಸಂಸಾರವಿಲ್ಲದ ಹೆಣ್ಣುಗಳು. ಇವು ರಾಣಿಯ ಮಕ್ಕಳು. ಎಳೆಯ ಆಳುಗಳು ಗೂಡಿನೊಳಗೇ ಇದ್ದು ಮೊಟ್ಟೆಗಳನ್ನು ನೆಕ್ಕಿ ಶುಚಿಯಾಗಿಡುತ್ತವೆ, ಮರಿಹುಳುಗಳಿಗೆ ಉಣಿಸುತ್ತವೆ, ಸೆಕೆಯಾದಾಗ ಮರಿಗಳನ್ನು ಕೆಳಗಣ ಕೋಣೆಗೂ ತೇವ ಹೆಚ್ಚಾದಾಗ ಮೇಲಣ ಕೋಣೆಗೂ ಸಾಗಿಸುತ್ತವೆ. ಗೂಡು ಒಡೆದಾಗ ಇವು ಬಾಯಲ್ಲಿ ಕಚ್ಚಿಕೊಂಡು ಓಡುವ ಬಿಳಿಯ ಅಕ್ಕಿಯಂತಹ ವಸ್ತುಗಳನ್ನು ಜನರು ಮೊಟ್ಟೆಯೆನ್ನುವುದುಂಟು. ಅವು ಹೆಚ್ಚಾಗಿ ಮೊಟ್ಟೆಗಳಲ್ಲ, ಬೆಳೆದ ಮರಿಹುಳುಗಳೂ ಕೋಶಗಳೂ ಆಗಿವೆ. ವಯಸ್ಸಾದ ಆಳುಗಳು ಮಾತ್ರ ಹೊರಗೆ ಹೋಗಿ ಆಹಾರವನ್ನು ತರುತ್ತವೆ. ಹೊರಗಿನ ಕೆಲಸವೇ ಅಪಾಯಕರವಾದುದು. ಅದಕ್ಕೆ ಮುದುಕಿಯರನ್ನು ಕಳುಹಿಸುವುದು ಸಂಸಾರಕ್ಕೆ ಕಡಿಮೆ ನಷ್ಟ. ಆದಕಾರಣ ಬೇಸಾಯಗಾರನು ಗಿಡದ ಮೇಲೆ ಸಾವಿರ ಇರುವೆಗಳನ್ನು ಕೊಂದರೂ, ಗೂಡಿಗೆ ಆದ ನಷ್ಟ ಅಲ್ಪವೇ. ಹೇಗೂ ಬೇಗ ಸಾಯುವುದಾಗಿದ್ದ ಆಳುಗಳು ಸತ್ತವು. ರಾಣಿಯು ಮರುದಿನವೂ ಮೊಟ್ಟೆಯಿಡುತ್ತಲೇ ಇರುತ್ತದೆ.

ರಾಣಿಯೆಂಬ ಹೆಸರಿದ್ದರೂ ಅದಕ್ಕೆ ಆಜ್ಞೆ ಮಾಡುವ ಅಧಿಕಾರವೇನೂ ಇಲ್ಲ. ಇರುವೆಯ ಗೂಡು ಪಟೇಲರಿಲ್ಲದ, ಶಾನುಭೋಗರಿಲ್ಲದ ಗ್ರಾಮ. ಅಲ್ಲಿ ಕೆಲಸವು ವಾಸನೆಯಿಂದಲೂ ಮೀಸೆಯ ಸ್ಪರ್ಶದಿಂದಲೂ ನಡೆಯುತ್ತದೆ. ಆಹಾರವನ್ನು ಕಂಡ ಇರುವೆ ಹಿಂದಿರುಗುವಾಗ ಹೊಟ್ಟೆಯ ತುದಿಯನ್ನು ನೆಲಕ್ಕೆ ತಾಗಿಸುತ್ತ ಒಂದು ಬಗೆಯ ದ್ರವದ ಗೆರೆಯನ್ನೆಳೆಯುತ್ತದೆ. ಉಳಿದವು ಅದನ್ನು ಮೂಸಿಕೊಂಡು ಹೊರಟು, ಆಹಾರ ದೊರೆತರೆ ಆ ಗೆರೆಯನ್ನು ಇನ್ನಷ್ಟು ಬಲಪಡಿಸುತ್ತವೆ. ಆಹಾರ ತೀರಿದಾಗ ಬಲಪಡಿಸುವವರಿಲ್ಲದೆ ಗೆರೆ ಆರಿಹೋಗುತ್ತದೆ. ಸಾಲಿನ ಮೇಲೆ ಬೆರಳನ್ನು ಎಳೆದರೆ ಎರಡು ಕಡೆಯ ಇರುವೆಗಳೂ ದಿಕ್ಕುಗೆಟ್ಟು ನಿಲ್ಲುವುದಕ್ಕೆ ಇದೇ ಕಾರಣ. ಒಂದೇ ಗೂಡಿನವರ ಮೈಗೆ ಒಂದೇ ವಾಸನೆಯಿರುತ್ತದೆ. ಅದೇ ಜಾತಿಯದಾದರೂ ಬೇರೆ ಗೂಡಿನ ಇರುವೆ ಬಂದರೆ ಮೀಸೆಯಿಂದ ಮುಟ್ಟಿ ನೋಡಿ ಅದನ್ನು ಹೊರಗಟ್ಟುತ್ತವೆ ಇಲ್ಲವೆ ಕೊಲ್ಲುತ್ತವೆ.

ಇವೆಲ್ಲಕ್ಕಿಂತ ಬೇಸಾಯಗಾರನಿಗೆ ಮುಖ್ಯವಾದ ಸಂಗತಿಯೆಂದರೆ ಇವುಗಳ ಊಟದ ಕ್ರಮ. ಇರುವೆಯ ಹೊಟ್ಟೆಯಲ್ಲಿ ಎರಡು ಚೀಲಗಳುಂಟು. ಹಿಂದಿನದು ಅದರ ಸ್ವಂತ ಜಠರ. ಮುಂದಿನದು ಸಂಸಾರದ ಪಾಲು. ಮುಂದಿನ ಚೀಲದಲ್ಲಿ ತುಂಬಿಕೊಂಡು ಬಂದ ರಸವನ್ನು ಅದು ಗೂಡಿನಲ್ಲಿ ಹಸಿದವರ ಬಾಯಿಗೆ ಬಾಯಿಟ್ಟು ಕೊಡುತ್ತದೆ. ತೆಗೆದುಕೊಂಡವರು ಮತ್ತೊಬ್ಬರಿಗೆ ಕೊಡುತ್ತಾರೆ. ಹೀಗೆ ಒಂದು ಇರುವೆ ತಂದ ಹನಿ ಸ್ವಲ್ಪ ಕಾಲದಲ್ಲಿಯೇ ಗೂಡಿನ ಬಹು ಜನರಿಗೂ, ಮರಿಗಳಿಗೂ, ಕಡೆಗೆ ರಾಣಿಗೂ ಮುಟ್ಟುತ್ತದೆ. ಗೂಡಿಗೆಲ್ಲ ಒಂದೇ ಹೊಟ್ಟೆಯೆಂದರೂ ತಪ್ಪಾಗದು. ಇದರ ಉಪಯೋಗವನ್ನು ಮುಂದೆ ಹೇಳಲಾಗುವುದು.

ತಿಗಣೆಯ ಗೋಪಾಲಕರು

ಇರುವೆ ಸಾಮಾನ್ಯವಾಗಿ ಎಲೆಯನ್ನು ತಿನ್ನುವುದಿಲ್ಲ, ಕಾಯನ್ನು ಕೊರೆಯುವುದಿಲ್ಲ. ಹಾಗಾದರೆ ಅವರೆಯ ಕುಡಿಯ ಮೇಲೆಯೂ, ಕಾಫಿಯ ಚಿಗುರಿನ ಮೇಲೆಯೂ, ಕಿತ್ತಳೆಯ ರೆಂಬೆಯ ಮೇಲೆಯೂ ಅದು ಹಗಲಿರುಳೂ ಏಕೆ ಓಡಾಡುತ್ತದೆ? ಅಲ್ಲಿ ಅದರ ದನಗಳಿವೆ. ಹೇನು, ಹಿಟ್ಟು ತಿಗಣೆ, ಹಸಿರು ತಿಗಣೆ ಮೊದಲಾದ ರಸ ಹೀರುವ ಹುಳುಗಳು ಗಿಡದ ರಸವನ್ನು ತಮಗೆ ಬೇಕಾದುದಕ್ಕಿಂತ ಬಹಳ ಹೆಚ್ಚಾಗಿ ಕುಡಿದು, ಹೆಚ್ಚಾದ ಸಿಹಿಯನ್ನು ಹನಿಹನಿಯಾಗಿ ಹೊರಗೆ ಬಿಡುತ್ತವೆ. ಇರುವೆ ಮೀಸೆಯಿಂದ ಅವುಗಳ ಬೆನ್ನನ್ನು ತಟ್ಟಿ ಆ ಹನಿಯನ್ನು ಹೀರಿಕೊಳ್ಳುತ್ತದೆ. ಕರುವು ಮೂತಿಯಿಂದ ಕೆಚ್ಚಲನ್ನು ಗುದ್ದಿದಾಗ ಹಸು ಹಾಲಿಳಿಸುವುದಕ್ಕೂ ಇದಕ್ಕೂ ಬಹಳ ಹೋಲಿಕೆಯಿದೆ.

ಈ ಹಾಲಿಗೆ ಪ್ರತಿಯಾಗಿ ಇರುವೆ ತಿಗಣೆಯನ್ನು ಕಾಯುತ್ತದೆ. ಗುಲಗಂಜಿ ಹುಳುವೂ ಅದರ ಮರಿಗಳೂ ತಿಗಣೆಗಳನ್ನು ತಿನ್ನತಕ್ಕವು. ಕಣ್ಣಿಗೆ ಕಾಣದಷ್ಟು ಸಣ್ಣ ಕಣಜಗಳು ತಿಗಣೆಯ ಮೈಯಲ್ಲಿ ಮೊಟ್ಟೆಯಿಟ್ಟು ಅದನ್ನು ಒಳಗಿನಿಂದ ನಾಶಮಾಡುತ್ತವೆ. ಇರುವೆ ಇವೆರಡನ್ನೂ ಗಿಡದ ಹತ್ತಿರ ಸೇರಿಸುವುದಿಲ್ಲ. ಸಿಹಿಯು ತಿಗಣೆಯ ಮೈಮೇಲೆಯೇ ನಿಂತು ಬೂಷ್ಟು ಹಿಡಿದು ಅದು ಸಾಯದಂತೆ ಮೈಯನ್ನೂ ಶುಚಿಯಾಗಿಡುತ್ತದೆ. ಕೆಲವು ಜಾತಿಯವು ಮಣ್ಣು ಮತ್ತು ನಾರುಗಳಿಂದ ತಿಗಣೆಯ ಮೇಲೆ ಚಪ್ಪರವನ್ನೂ ಕಟ್ಟುವುದುಂಟು. ಹೀಗೆ ಕಾವಲು ಪಡೆದ ತಿಗಣೆ ಮಿತಿಯಿಲ್ಲದೆ ಹೆಚ್ಚಿ ಚಿಗುರು ಬಾಡುತ್ತದೆ. ಉಳಿದ ಸಿಹಿಯು ಎಲೆಯ ಮೇಲೆ ಸುರಿದು ಅಲ್ಲಿ ಕಾಡಿಗೆಯಂತಹ ಕಪ್ಪು ಬೂಷ್ಟು ಬೆಳೆದು ಎಲೆಗೆ ಬಿಸಿಲು ತಾಗದಂತೆ ಮಾಡುತ್ತದೆ. ಗಿಡವು ಕಪ್ಪಾದ ಮೇಲೆ ರೋಗ ಬಂದಿತೆಂದು ತಿಳಿಯುವ ರೈತನು ಮೂರು ಮೆಟ್ಟಲು ಕೆಳಗಿನ ಕಾರಣವನ್ನು ನೋಡಬೇಕಾಗಿದೆ.

ಕಾಫಿಯ ಹಸಿರು ತಿಗಣೆ ಸಿಂಹಳದಲ್ಲಿ 1882ರಲ್ಲಿ ಗಮನಕ್ಕೆ ಬಂದಿತು. ಎಲೆಯ ತುಕ್ಕುರೋಗದಿಂದ ಮೊದಲೇ ಸೊರಗಿದ್ದ ಅಲ್ಲಿನ ಕಾಫಿ ತೋಟಗಳಿಗೆ ಇದು ಮತ್ತೊಂದು ಪೆಟ್ಟಾಯಿತು. ದಕ್ಷಿಣ ಇಂಡಿಯದ ಕಾಫಿಯ ತಿಗಣೆಗಳನ್ನು ಕುರಿತು ಮೈಸೂರು ವ್ಯವಸಾಯದ ಇಲಾಖೆಯ ಕೋಲ್ಮನ್ ಮತ್ತು ಕುಂಞಿ ಕಣ್ಣನ್ ಎಂಬವರು 1918ರಲ್ಲಿಯೇ ಒಂದು ಪುಸ್ತಿಕೆಯನ್ನು ಬರೆದರು. ಮಳೆಗಾಲದಲ್ಲಿ ಒಂದು ಬಿಳಿಯ ಬೂಷ್ಟು ಈ ತಿಗಣೆಯ ಮೇಲೆ ಬೆಳೆದು ಎಷ್ಟೋ ಪಾಲನ್ನು ತಾನಾಗಿಯೇ ಕೊಲ್ಲುತ್ತದೆ. ಒಣ ಹವೆಯಲ್ಲಿ ಅದರ ಸಹಾಯವಿಲ್ಲ. ಆದುದರಿಂದ ಮಳೆ ನಿಂತ ಮೇಲಿನ ತಿಂಗಳುಗಳಲ್ಲಿಯೇ ಇರುವೆಯ ಕಡೆ ನಿಗಾ ಇಡತಕ್ಕದ್ದು.

ಇರುವೆಯ ಸಾಲು ನಿರಪಾಯವೋ ಅಲ್ಲವೋ ಎಂಬುದನ್ನು ಗೊತ್ತುಮಾಡಲು ಖರ್ಚಿಲ್ಲದ ಪರೀಕ್ಷೆಯೊಂದುಂಟು. ಮರದ ಬುಡದಲ್ಲಿ ಕುಳಿತು, ಮೇಲೇರುವ ಇರುವೆಯ ಹೊಟ್ಟೆಯನ್ನೂ ಇಳಿಯುವ ಇರುವೆಯ ಹೊಟ್ಟೆಯನ್ನೂ ಹೋಲಿಸಿ ನೋಡಬೇಕು. ಏರುವುದರ ಹೊಟ್ಟೆ ಸಣ್ಣದಾಗಿಯೂ, ಇಳಿಯುವುದರ ಹೊಟ್ಟೆ ಉಬ್ಬಿ ಬಿಸಿಲಿಗೆ ಹೊಳೆಯುವಂತೆಯೂ ಇದ್ದರೆ ಮೇಲೆ ಹಾಲು ಕರೆಯುವ ಕೆಲಸ ನಡೆಯುತ್ತಿದೆಯೆಂದೇ ತಿಳಿಯಬೇಕು. ಇಳಿಯುವುದರ ಬಾಯಲ್ಲಿ ಹುಳುಹುಪ್ಪಟೆಗಳಿದ್ದರೆ ಅದು ಬೇಟೆಗಾರ ಇರುವೆ, ಅದನ್ನು ಮುಟ್ಟಬೇಕಾದ್ದಿಲ್ಲ.

ಚಗಳಿ ಇರುವೆ

ಮಲೆನಾಡಿನಲ್ಲಿ ಚಗಳಿಯೆಂದೂ, ಬೇರೆಡೆಗಳಲ್ಲಿ ಕೆಂಜಿಗವೆಂದೂ ಹೇಳುವ ಮರದ ಕೆಂಪಿರುವೆಯ ವಿಷಯದಲ್ಲಿ ಅವಸರದ ತೀರ್ಮಾನ ಸಲ್ಲದು. ಇದು ಮಾವು, ಹಲಸು, ಗೇರು ಮೊದಲಾದ ಮರಗಳ ಹಸಿ ಎಲೆಗಳನ್ನು ಸೇರಿಸಿ ಗೂಡು ಕಟ್ಟುತ್ತದೆ. ಎಲೆಗಳು ದೂರವಿದ್ದರೆ ಒಂದರ ಸೊಂಟವನ್ನೊಂದು ಕಚ್ಚಿ ಸರಪಣಿಯಾಗಿ ನಿಂತು ಎಳೆಯುತ್ತವೆ. ಅಂಚುಗಳು ಸೇರಿದ ಮೇಲೆ ಮತ್ತೆ ಕೆಲವು ಆಳುಗಳು ತಮ್ಮ ಮರಿಹುಳುಗಳನ್ನು ಬಾಯಲ್ಲಿ ಹಿಡಿದು ತಂದು, ಆ ಮರಿಗಳು ಬಿಡುವ ರೇಷ್ಮೆಯಿಂದ ಎಲೆಗಳನ್ನು ಹೊಲಿಯುತ್ತವೆ. ದೊಡ್ಡವಕ್ಕೆ ರೇಷ್ಮೆಯಿಲ್ಲ, ಮಗುವನ್ನೇ ಸೂಜಿದಾರವನ್ನಾಗಿ ಮಾಡಿಕೊಂಡ ಪ್ರಾಣಿ ಪ್ರಪಂಚದಲ್ಲಿ ಅಪರೂಪ. ಒಂದೇ ಸಂಸಾರಕ್ಕೆ ಹಲವು ಮರಗಳಲ್ಲಿ ಹತ್ತಾರು ಗೂಡುಗಳಿರುತ್ತವೆ. ರಾಣಿಯಿರುವುದು ಅವುಗಳಲ್ಲಿ ಎಲ್ಲಿಯೋ ಒಂದರಲ್ಲಿ. ಕೈಗೆ ಸಿಕ್ಕಿದ ನಾಲ್ಕು ಗೂಡುಗಳನ್ನು ಸುಟ್ಟು ಮರದ ಕೊಂಬೆಯನ್ನೂ ಸುಟ್ಟುಕೊಂಡವರು ಎಂಟು ದಿನದೊಳಗೆ ಹೊಸ ಗೂಡುಗಳನ್ನು ಕಾಣುವುದು ಇದರಿಂದಲೇ.

ಈ ಇರುವೆಯನ್ನು ಕೂಲಿಯಾಳಿನಂತೆ ದುಡಿಸಿಕೊಂಡವರೂ ಉಂಟು. ಕ್ರಿ.ಶ. 304ರದೆಂದು ಹೇಳುವ ಒಂದು ಚೀನೀ ಗ್ರಂಥದಲ್ಲಿ, ದಕ್ಷಿಣ ದೇಶದವರು ಕಿತ್ತಳೆ ಜಾತಿಯ ಮರಗಳಿಗಾಗಿ ಇಂತಹ ಇರುವೆಗಳ ಗೂಡುಗಳನ್ನು ಸಂತೆಯಲ್ಲಿ ಕೊಳ್ಳುತ್ತಿದ್ದರೆಂದೂ, ಇರುವೆಯಿಲ್ಲದ ಮರದ ಹಣ್ಣೆಲ್ಲ ಹುಳು ಹಿಡಿಯುತ್ತಿತ್ತೆಂದೂ ಹೇಳಿದೆ. ಕಾಲಕ್ರಮದಲ್ಲಿ ಅಲ್ಲಿನ ತೋಟಗಾರರು ಮರದಿಂದ ಮರಕ್ಕೆ ಬಿದಿರಿನ ಸೇತುವೆಗಳನ್ನು ಕಟ್ಟಿ ಇವುಗಳ ಸಂಚಾರಕ್ಕೆ ಅನುಕೂಲಮಾಡಿಕೊಟ್ಟರು. ಹುಳುವಿನಿಂದಲೇ ಹುಳುವನ್ನು ತಡೆಯುವ ಉಪಾಯಕ್ಕೆ ದೊರೆತಿರುವ ಅತ್ಯಂತ ಹಳೆಯ ಲಿಖಿತ ಸಾಕ್ಷ್ಯ ಇದೇ. ಇತ್ತೀಚೆಗೆ ಉತ್ತರ ಆಸ್ಟ್ರೇಲಿಯದ ಗೇರು ತೋಟಗಳಲ್ಲಿ ಕುಡಿಗಳನ್ನು ಒಣಗಿಸುವ ಟೀ ಸೊಳ್ಳೆಯ ನಿವಾರಣೆಗೂ ಇದನ್ನು ಸಾಕಿ ಫಲ ಕಂಡಿದ್ದಾರೆ. ಆದರೆ ಚಗಳಿಯೂ ತಿಗಣೆಗಳನ್ನು ಸಾಕದೆ ಬಿಡುವುದಿಲ್ಲ. ಕಾಫಿ ಬಿಡಿಸುವ ಆಳುಗಳಿಗೆ ಇದರ ಕಡಿತ ದೊಡ್ಡ ಪೀಡೆ. ಆದಕಾರಣ ಮಾವು ಗೇರುಗಳಲ್ಲಿ ಇದನ್ನು ಉಳಿಸುವುದೂ, ಕಾಫಿಯ ನಡುವೆ ಹದ್ದಿನಲ್ಲಿಡುವುದೂ ಯುಕ್ತ. ಮಲೆನಾಡಿನವರು ಚಗಳಿಯ ಚಟ್ನಿ ಮಾಡಿ ಉಣ್ಣುವುದೂ ಹದ್ದಿನಲ್ಲಿಡುವ ಒಂದು ದಾರಿಯೆನ್ನಬಹುದು.

ಕಾಳು ಕೂಡಿಡುವ ಇರುವೆಗಳು

ಒಣ ಸೀಮೆಯ ಹೊಲಗಳಲ್ಲಿ ಗೂಡಿನ ಬಾಯ ಸುತ್ತ ಹೊಟ್ಟಿನ ಬಳೆಯಿರುವ ಇರುವೆಗಳು ಕಾಳು ಕೂಡಿಡುವ ಜಾತಿಯವು. ಇವುಗಳ ಕಣಜ ನೆಲದೊಳಗೆ ಇರುತ್ತದೆ. ಮಳೆಗೆ ಕಾಳು ನೆನೆದರೆ ಹೊರಗೆ ತಂದು ಬಿಸಿಲಿಗೆ ಹರಡುತ್ತವೆ. ಹೆಚ್ಚಾಗಿ ಹುಲ್ಲಿನ ಬೀಜವನ್ನೇ ಒಯ್ಯುವುದರಿಂದ ಹೊಲದಲ್ಲಿ ಇವುಗಳಿಂದಾಗುವ ನಷ್ಟ ಅಲ್ಪ. ಯೆಹೂದ್ಯರ ಪುರಾತನ ಧರ್ಮಶಾಸ್ತ್ರವಾದ ಮಿಶ್ನಾದಲ್ಲಿ ಈ ಕಾಳಿನ ಹಕ್ಕು ಯಾರದೆಂಬ ವ್ಯಾಜ್ಯಕ್ಕೂ ತೀರ್ಪುಂಟು: ನಿಂತ ಪೈರಿನ ನಡುವಣ ಇರುವೆಗೂಡಿನ ಕಾಳು ಜಮೀನಿನ ಒಡೆಯನದು; ಕೊಯ್ಲಾದ ಮೇಲಾದರೆ ಮೇಲುಭಾಗದ್ದು ಹಕ್ಕಲಾಯುವ ಬಡವರದು, ಕೆಳಭಾಗದ್ದು ಒಡೆಯನದು. ಪಂಚಾಯಿತಿ ಮಾಡುವವರಿಗೆ ಇದು ಸ್ವಾರಸ್ಯವಾಗಿ ತೋರಬಹುದು.

ಒಟ್ಲುಪಾತಿಯಲ್ಲಿ ಮಾತ್ರ ಎಚ್ಚರ ಬೇಕು. ಬದನೆ, ಹೊಗೆಸೊಪ್ಪು ಮುಂತಾದವುಗಳ ಸಣ್ಣ ಬೀಜವನ್ನು ಇರುವೆಗಳು ಒಂದೇ ರಾತ್ರಿಯಲ್ಲಿ ಸಾಗಿಸಿಬಿಡುತ್ತವೆ. ಬಿತ್ತಿದ ದಿನವೇ ಪಾತಿಯ ಹೊರಗೆ ಸುತ್ತಲೂ ಅಕ್ಕಿಯ ನುಚ್ಚನ್ನು ಚೆಲ್ಲಿದರೆ, ಅದನ್ನು ಸಾಗಿಸುವುದರಲ್ಲಿಯೇ ಇರುವೆಗಳಿಗೆ ಹೊತ್ತಾಗಿ ಅಷ್ಟರಲ್ಲಿ ಬೀಜ ಮೊಳೆಯುತ್ತದೆ. ಪುಣ್ಯಕ್ಕೆಂದು ಹಾಕುವ ನುಚ್ಚು ಇಲ್ಲಿ ಸಾರ್ಥಕವಾಗುತ್ತದೆ.

ನಿವಾರಣೋಪಾಯಗಳು

ತಿಗಣೆ ಸಾಕುವ ಇರುವೆಯನ್ನು ಮರಕ್ಕೆ ಹತ್ತದಂತೆ ಮಾಡುವುದೇ ಮೊದಲ ಉಪಾಯ. ನೆಲಕ್ಕೆ ತಾಗುವ ರೆಂಬೆಗಳನ್ನೂ, ಪಕ್ಕದ ಗಿಡ, ಬೇಲಿ, ಊರುಗೋಲುಗಳಿಗೆ ತಾಗುವ ರೆಂಬೆಗಳನ್ನೂ ಮೊದಲು ಸವರತಕ್ಕದ್ದು. ಅನಂತರ ಕಾಂಡದ ಸುತ್ತ ಬಟ್ಟೆಯನ್ನೋ ಗಟ್ಟಿ ಕಾಗದವನ್ನೋ ಬಿಗಿಯಾಗಿ ಸುತ್ತಿ ಅದರ ಮೇಲೆ ಅಂಟನ್ನು ಬಳಿಯಬೇಕು. ತೊಗಟೆಗೇ ಬಳಿದರೆ ಮರಕ್ಕೆ ಕೇಡು. ಧೂಳೂ ತರಗೂ ಕೂತು ಅಂಟು ಆರಿದರೆ ಇರುವೆ ಅದರ ಮೇಲೆಯೇ ರಸ್ತೆ ಮಾಡಿಕೊಳ್ಳುವುದರಿಂದ ಆಗಾಗ ಹೊಸದಾಗಿ ಬಳಿಯುವುದು ಅವಶ್ಯಕ. ಒಂದೇ ಒಂದು ರೆಂಬೆ ಬೇಲಿಗೆ ತಾಗಿದ್ದರೂ ಪಟ್ಟಿ ಕಟ್ಟಿದ ಶ್ರಮವೆಲ್ಲ ವ್ಯರ್ಥ. ಇರುವೆ ತಪ್ಪಿದ ಮೇಲೆ ಗುಲಗಂಜಿ ಹುಳುವೂ ಸಣ್ಣ ಕಣಜವೂ ಬಂದು ತಿಗಣೆಯ ಕೆಲಸವನ್ನು ಬಹುಮಟ್ಟಿಗೆ ಮುಗಿಸುತ್ತವೆ.

ಗೂಡನ್ನೇ ತೀರಿಸಬೇಕಾದಲ್ಲಿ ತೀಕ್ಷ್ಣವಾದ ವಿಷವು ನಿಷ್ಪ್ರಯೋಜಕ. ತಂದ ಆಳೇ ದಾರಿಯಲ್ಲಿ ಸಾಯುವುದರಿಂದ ರಾಣಿಗೆ ಅದು ಮುಟ್ಟುವುದಿಲ್ಲ. ಒಂದೇ ಹೊಟ್ಟೆಯ ಸಂಸಾರಕ್ಕೆ ನಿಧಾನವಾದ ವಿಷವೇ ತಕ್ಕುದು. ನೂರು ಪಾಲು ನೀರಿಗೆ ಹತ್ತು ಪಾಲು ಸಕ್ಕರೆಯನ್ನೂ ಒಂದು ಪಾಲು ಬೋರಿಕ್ ಆಮ್ಲದ ಪುಡಿಯನ್ನೂ ಕರಗಿಸಿ, ಹತ್ತಿಯನ್ನು ಅದರಲ್ಲಿ ಅದ್ದಿ, ಇರುವೆ ಮಾತ್ರ ನುಸುಳುವಂತೆ ಸಣ್ಣ ರಂಧ್ರಗಳನ್ನು ಮಾಡಿದ ಮುಚ್ಚಳದ ಡಬ್ಬಿಯಲ್ಲಿಟ್ಟು ಸಾಲಿನ ಪಕ್ಕದಲ್ಲಿ ನೆರಳಿನಲ್ಲಿಡಬೇಕು. ಪುಡಿ ಹೆಚ್ಚಾದರೆ ಬೇಗ ಕೊಲ್ಲುತ್ತದೆಯೆಂದು ಎರಡು ಪಾಲು, ಮೂರು ಪಾಲು ಹಾಕುವವರು ಕೆಲಸವನ್ನು ಕೆಡಿಸಿಕೊಳ್ಳುತ್ತಾರೆ. ಮೊದಲ ದಿನಗಳಲ್ಲಿ ಡಬ್ಬಿಗೆ ಇರುವೆಗಳು ಮುತ್ತಿಕೊಳ್ಳುವುದನ್ನು ಕಂಡು ಬೆದರಬಾರದು. ಅವುಗಳನ್ನು ಕೊಲ್ಲಲೂ ಬಾರದು. ಎರಡು ಮೂರು ವಾರ ದ್ರವವು ಆರದಂತೆ ನೋಡಿಕೊಳ್ಳಬೇಕು. ಇದು ಸಿಹಿಗೆ ಬರುವ ಇರುವೆಗಳಿಗೆ ಮಾತ್ರ ಸಲ್ಲುವುದು. ಕಾಳು ಒಯ್ಯುವ ಜಾತಿಗಲ್ಲ. ಮಕ್ಕಳಿಗೂ ದನಕರುಗಳಿಗೂ ಡಬ್ಬಿ ಎಟುಕದಿರಲಿ.

ಹಿಂದೆ ಇರುವೆಗೆಂದು ಧಾರಾಳವಾಗಿ ಎರಚುತ್ತಿದ್ದ ಬಿ. ಎಚ್. ಸಿ. ಪುಡಿಯನ್ನು ಭಾರತ ಸರ್ಕಾರದವರು 1997ರಲ್ಲಿ ನಿಷೇಧಿಸಿದರು. ಅದು ಮಣ್ಣಿನಲ್ಲಿ ಬಹುಕಾಲ ಉಳಿಯುವುದಲ್ಲದೆ ಗುಲಗಂಜಿ ಹುಳುವನ್ನೂ ಕೊಲ್ಲುತ್ತಿತ್ತು. ಹಳೆಯ ಉಗ್ರಾಣಗಳಲ್ಲಿ ಅಂತಹ ಪುಡಿ ಉಳಿದಿದ್ದರೆ ಬಳಸತಕ್ಕದ್ದಲ್ಲ.

ಗ್ರಾಮದ ಮುಖಂಡರು ವಿಶೇಷವಾಗಿ ಗಮನಿಸತಕ್ಕ ಒಂದು ಜಾತಿಯುಂಟು. ಹಳದಿ ಮಿಶ್ರವಾದ ಕಂದು ಬಣ್ಣ, ಉದ್ದವಾದ ಕಾಲು ಮೀಸೆಗಳು, ಗೊತ್ತುಗುರಿಯಿಲ್ಲದೆ ಓಡುವ ಚಾಳಿ, ಇವುಗಳಿಂದ ಹಳದಿ ಹುಚ್ಚಿರುವೆಯನ್ನು ಗುರುತಿಸಬಹುದು. ಇದು ಕಚ್ಚದೆ ಆಮ್ಲವನ್ನು ಚಿಮ್ಮಿಸುತ್ತದೆ. ಇದರ ಒಂದು ಗೂಡಿನಲ್ಲಿ ಅನೇಕ ರಾಣಿಯರಿರುತ್ತಾರೆ. ಅಕ್ಕಪಕ್ಕದ ಗೂಡುಗಳು ಕಾದಾಡದೆ ಒಂದಾಗಿ ಬಾಳುವುದರಿಂದ ಎಕರೆಗಟ್ಟಲೆ ನೆಲವೆಲ್ಲ ಒಂದೇ ಸಂಸಾರವಾಗಿಬಿಡುತ್ತದೆ. 2022ರಲ್ಲಿ ತಮಿಳುನಾಡಿನ ದಿಂಡಿಗಲ್ ಜಿಲ್ಲೆಯ ಕರಂದಮಲೆ ಕಾಡಿನ ಅಂಚಿನ ಹಳ್ಳಿಗಳಲ್ಲಿ ಇದು ವಿಪರೀತವಾಗಿ ಹೆಚ್ಚಿ, ಆಡು ದನಗಳ ಕಣ್ಣಿಗೆ ಮುತ್ತಿ, ಮೇಯಿಸಲು ಹೋದವರು ನಿಲ್ಲಲಾರದಂತಾಯಿತು. ಹಿಂದೂ ಮಹಾಸಾಗರದ ಕ್ರಿಸ್ಮಸ್ ದ್ವೀಪದಲ್ಲಿ ಇದರಿಂದ ಸತ್ತ ಕೆಂಪು ಏಡಿಗಳ ಸಂಖ್ಯೆ ಕೋಟಿಗೂ ಮೇಲ್ಪಟ್ಟಿತು. ಅಲ್ಲಿ ವಿಷ ಹಾಕಿದಾಗ ಕಡಿಮೆಯಾಗಿ ಮತ್ತೆ ಮತ್ತೆ ಹೆಚ್ಚುತ್ತಿದ್ದುದರಿಂದ, 2016ರಲ್ಲಿ ಇರುವೆಯನ್ನು ಬಿಟ್ಟು, ಅದಕ್ಕೆ ಸಿಹಿ ಕೊಡುತ್ತಿದ್ದ ಮರದ ತಿಗಣೆಯನ್ನು ಕೊಲ್ಲುವ ಸಣ್ಣ ಕಣಜವೊಂದನ್ನು ಮಲೇಷ್ಯದಿಂದ ತಂದು ಬಿಟ್ಟರು.

ಇಂತಹ ಇರುವೆಯ ಮುಂದೆ ಒಬ್ಬ ಜಮೀನುದಾರನ ಪ್ರಯತ್ನ ಸಾಗದು. ಒಂದು ತೋಟದಿಂದ ಓಡಿಸಿದರೆ ಬದು ದಾಟಿ ಹಿಂದಿರುಗುತ್ತದೆ. ಗೊಬ್ಬರ, ಸಸಿಯ ಮಣ್ಣು, ಕಟ್ಟಿಗೆ, ಹುಲ್ಲಿನ ಹೊರೆಗಳ ಸಂಗಡ ರಾಣಿಯರು ಊರಿಂದೂರಿಗೆ ಸಾಗುವುದರಿಂದ, ಈ ಇರುವೆ ಕಂಡ ಊರಿನಿಂದ ಇವುಗಳನ್ನು ತರಿಸುವುದನ್ನು ನಿಲ್ಲಿಸಬೇಕು. ಹೊಸದಾಗಿ ಇಂತಹ ಇರುವೆ ಗುಂಪುಗುಂಪಾಗಿ ಕಂಡುಬಂದಲ್ಲಿ, ಹತ್ತು ಹದಿನೈದನ್ನು ಸ್ಪಿರಿಟ್ ತುಂಬಿದ ಸಣ್ಣ ಶೀಸೆಯಲ್ಲಿ ಹಾಕಿ, ಸರ್ವೆ ನಂಬರನ್ನೂ ಕಂಡ ತಾರೀಖನ್ನೂ ಬರೆದ ಚೀಟಿಯನ್ನು ಅಂಟಿಸಿ, ಹತ್ತಿರದ ಕೃಷಿ ಇಲಾಖೆಯ ಕಛೇರಿಗೆ ಕಳುಹಿಸತಕ್ಕದ್ದು. ಗೂಡುಗಳಿರುವ ಜಾಗದಲ್ಲಿ ಅಷ್ಟರವರೆಗೆ ಯಾವ ಪುಡಿಯನ್ನೂ ಎರಚಬಾರದು.